ಕ್ಯಾಪಿಟಲ್ ಲೆಟರ್ ಪುರಾಣ

ಇವತ್ತು ಬ್ಯಾಂಕಿನಲ್ಲಿ ಫಾರಂ ತುಂಬುತ್ತಿದ್ದೆ. ಕ್ಯಾಪಿಟಲ್ ಲೆಟರಿನಲ್ಲೇ ಬರೆಯಿರಿ ಅಂತ ಅಚ್ಚು ಹಾಕಿದ್ದರು. ಪುಟ್ಟ ಪುಟ್ಟ ಚೌಕ, ಒಂದಕ್ಕೆ ಒಂದೇ ಅಕ್ಷರ.

ಈ ಅಕ್ಷರಗಳ ಆಕಾರ ಪಳಗಿದ್ದು ಕಾಗದದ ಮೇಲಲ್ಲ, ಕಲ್ಲಿನ ಮೇಲೆ. ರೋಮ್‌ನಲ್ಲಿ ಟ್ರೇಜನ್ ಚಕ್ರವರ್ತಿಯ ಕಂಬ ಇದೆ, ಕ್ರಿ.ಶ. 113ರದು. ಬುಡದಲ್ಲಿರುವ ಬರಹ ಪೂರ್ತಿ ಕ್ಯಾಪಿಟಲ್. ದೊಡ್ಡದು, ಚಿಕ್ಕದು ಅಂತ ಜೋಡಿ ಆಗ ಇರಲೇ ಇಲ್ಲ. ಅದರಲ್ಲಿ ಜೆ ಇಲ್ಲ, ಡಬ್ಲ್ಯೂ ಇಲ್ಲ. ಯು ಬೇಕಾದ ಕಡೆಯೆಲ್ಲ ವಿ ಕೆತ್ತಿದ್ದಾರೆ. ಪಾಪ, ನಮ್ಮ ಜಗದೀಶಂದಿರು ಅಲ್ಲಿ ಏನು ಮಾಡಬೇಕಿತ್ತೋ!

ಈಗಿನ ಸ್ಮಾಲ್ ಲೆಟರಿನ ಮೂಲ 8ನೇ ಶತಮಾನದ ಕೊನೆಯಲ್ಲಿ, ಯುರೋಪಿನ ಶಾರ್ಲಮೇನ್ ದೊರೆಯ ಕಾಲದ ಮಠಗಳಲ್ಲಿ, ಪುಸ್ತಕ ನಕಲು ಮಾಡುತ್ತಿದ್ದವರ ಕೈಬರಹ. 15ನೇ ಶತಮಾನದಲ್ಲಿ ಇಟಲಿಯ ಮುದ್ರಕರು ಕಲ್ಲಿನ ಅಕ್ಷರ, ಕೈಬರಹದ ಅಕ್ಷರ ಎರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದರು. ಅಚ್ಚುಮೊಳೆ ಜೋಡಿಸುವವರು ದೊಡ್ಡವನ್ನು ಮೇಲಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಜಾಸ್ತಿ ಬೇಕಾಗುವ ಚಿಕ್ಕವು ಕೆಳಗೆ, ಕೈಗೆ ಹತ್ತಿರ. ಕೇಸ್ ಅಂದರೆ ಪೆಟ್ಟಿಗೆ; ದೊಡ್ಡಕ್ಷರಕ್ಕೆ ಅಪ್ಪರ್ ಕೇಸ್, ಚಿಕ್ಕದಕ್ಕೆ ಲೋವರ್ ಕೇಸ್ ಅನ್ನುವ ಹೆಸರು ಬಂದಿದ್ದು ಹಾಗೆ.

ಒಂದು ಕಾಲಕ್ಕೆ ಇಂಗ್ಲಿಷಿನವರಿಗೆ ಕ್ಯಾಪಿಟಲ್ ಹುಚ್ಚೇ ಹಿಡಿದಿತ್ತು. 1787ರ ಅಮೆರಿಕದ ಸಂವಿಧಾನ ನೋಡಿ, ಹೆಚ್ಚುಕಮ್ಮಿ ಪ್ರತಿ ನಾಮಪದಕ್ಕೂ ದೊಡ್ಡಕ್ಷರ. ಆಮೇಲೆ ಅವರು ಬಿಟ್ಟರು. ಜರ್ಮನ್ನರು ಮಾತ್ರ ಇವತ್ತಿಗೂ ಬಿಟ್ಟಿಲ್ಲ.