ಬರ್ಕ್ಲಿಯಿಂದ ಬಂದ ಟೇಪು

ಬೆಂಗಳೂರಿನಲ್ಲಿ ಬಿ.ಇ. ಓದುವಾಗ ಚಿಪ್ ಅಂದರೆ ನನಗೆ ಎಸ್.ಪಿ. ರೋಡಿನಲ್ಲಿ ಸಿಗುವ ಸಾಮಾನು. 7400 ನಂಬರಿನ ಚಿಪ್ ಬೇಕು ಅಂದರೆ ಅಂಗಡಿಯವರು ಡಬ್ಬಿಯಿಂದ ತೆಗೆದುಕೊಡುತ್ತಿದ್ದರು. ಅದರ ಒಳಗಿನ ನಕ್ಷೆ ಯಾರು ಬಿಡಿಸಿದ್ದು, ಹೇಗೆ ಬಿಡಿಸಿದ್ದು ಎಂಬುದೆಲ್ಲ ಕಂಪನಿಗಳ ಗುಟ್ಟು. 1985ರಲ್ಲಿ ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋದೆ. ಕೋರ್ಸ್ ಶುರುವಾದ ದಿನವೇ ಪ್ರೊಫೆಸರ್, "ನೀವೆಲ್ಲ ಒಂದೊಂದು ಚಿಪ್ ಬಿಡಿಸುತ್ತೀರಿ, ಅದು ತಯಾರಾಗಿಯೂ ಬರುತ್ತದೆ" ಅಂದರು. ನನಗೆ ನಂಬಲಿಕ್ಕೇ ಆಗಲಿಲ್ಲ. ನಮ್ಮದು ದೊಡ್ಡ ಹೆಸರಿನ ವಿಶ್ವವಿದ್ಯಾಲಯವಲ್ಲ. ಚಿಪ್ ಮಾಡುವ ಕಾರ್ಖಾನೆ ಇರಲಿಲ್ಲ, ಕಂಪನಿಗಳ ಡಿಸೈನ್ ಸಾಫ್ಟ್‌ವೇರ್ ಕೊಳ್ಳುವಷ್ಟು ದುಡ್ಡೂ ಇರಲಿಲ್ಲ.

ಸಾಫ್ಟ್‌ವೇರ್ ಅಂಚೆಯಲ್ಲಿ ಬಂತು. ಚಪ್ಪಟೆ ರಟ್ಟಿನ ಡಬ್ಬಿ, ಒಳಗೆ ಊಟದ ತಟ್ಟೆಯಷ್ಟು ಅಗಲದ ಮ್ಯಾಗ್ನೆಟಿಕ್ ಟೇಪಿನ ಸುರುಳಿ. ಕಳಿಸಿದ್ದು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್. ಲ್ಯಾಬಿನಲ್ಲಿ ನನಗಿಂತ ಸೀನಿಯರ್ ಆಗಿದ್ದ ಧಾರವಾಡದ ಅಣ್ಣ ಒಬ್ಬರಿದ್ದರು. ಅವರು ಮೊದಲು ಸುರುಳಿಯ ಹಿಂದಿನ ಪ್ಲಾಸ್ಟಿಕ್ ರಿಂಗ್ ಇದೆಯಾ ನೋಡಿದರು. ಅದಿದ್ದರೆ ಟೇಪಿನ ಮೇಲೆ ಬರೆಯಬಹುದು, ಇಲ್ಲದಿದ್ದರೆ ಓದಲು ಮಾತ್ರ ಆಗುತ್ತದೆ. ಇದ್ದ ರಿಂಗನ್ನು ಕಿತ್ತು ಪಕ್ಕಕ್ಕಿಟ್ಟು, ವ್ಯಾಕ್ಸ್ ಕಂಪ್ಯೂಟರಿನ ಡ್ರೈವಿಗೆ ಟೇಪು ಹಾಕಿದರು. ಫೈಲುಗಳ ಹೆಸರು ಒಂದೊಂದಾಗಿ ಪರದೆಯ ಮೇಲೆ ಬರತೊಡಗಿದವು. "ತಮ್ಮಾ, ಸೋರ್ಸ್ ಕೋಡ್ ಸುದ್ದಾ ಕೊಟ್ಟಾರ ನೋಡೋ!" ಅಂದರು. ಸೋರ್ಸ್ ಕೋಡ್ ಅಂದರೆ ಪ್ರೋಗ್ರಾಮ್ ಬರೆದವರ ಮೂಲ ಸಾಲುಗಳು, ಓದಿ ತಿದ್ದಬಹುದಾದಂಥವು.

ಬರ್ಕ್ಲಿಯಲ್ಲಿ ಈ ಪದ್ಧತಿ ಹಳೆಯದು. ಸರ್ಕ್ಯೂಟ್ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ತೋರಿಸುವ ಸ್ಪೈಸ್ ಪ್ರೋಗ್ರಾಮನ್ನು ಲಾರೆನ್ಸ್ ನೇಗಲ್ ತಮ್ಮ ಗುರು ಡೊನಾಲ್ಡ್ ಪೆಡರ್ಸನ್ ಅವರ ಕೈಕೆಳಗೆ ಬರೆದರು. 1973ರಲ್ಲಿ ಅದು ಹೊರಬಂತು. ಅದನ್ನು ಬೀಗ ಹಾಕಿ ಇಡಬಾರದು ಎನ್ನುವುದು ಪೆಡರ್ಸನ್ ಅವರ ಹಟ. ಕೇಳಿದವರಿಗೆಲ್ಲ ಟೇಪು ಹೋಯಿತು. ಬಳಸಿದವರು ತಪ್ಪು ಕಂಡರೆ ತಿದ್ದಿ ತಿಳಿಸುತ್ತಿದ್ದರು. ಆ ಹಟ ಇಲ್ಲದಿದ್ದರೆ ನಮ್ಮಂಥ ಲ್ಯಾಬುಗಳ ಗತಿ ಏನಾಗುತ್ತಿತ್ತೋ!

ಆದರೆ ಪ್ರೋಗ್ರಾಮ್ ಹಂಚಿದರಷ್ಟೇ ಸಾಲದು. ಬಿಡಿಸಿದ್ದನ್ನು ತಯಾರು ಮಾಡುವವರೂ ಬೇಕಲ್ವಾ? ಅದಕ್ಕೆ ದಾರಿ ಮಾಡಿದ್ದು ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿದ್ಯಾಸಂಸ್ಥೆಯ ಕಾರ್ವರ್ ಮೀಡ್ ಮತ್ತು ಜೆರಾಕ್ಸ್ ಕಂಪನಿಯ ಲಿನ್ ಕಾನ್ವೇ. ಯಾವ ಕಾರ್ಖಾನೆಗಾದರೂ ಹೊಂದುವ ಸರಳ ನಿಯಮಗಳನ್ನು ಅವರು ರೂಪಿಸಿದರು. ನಕ್ಷೆಯನ್ನು ಅಕ್ಷರಗಳಲ್ಲೇ ಬರೆದಿಡುವ ಸಿಫ್ ಎಂಬ ಫೈಲ್ ಕ್ರಮ ಕ್ಯಾಲ್‌ಟೆಕ್‌ನಿಂದ ಬಂತು. ಎಲ್ಲರಿಗೂ ನಿಯಮ ಒಂದೇ, ಫೈಲ್ ಒಂದೇ. 1979ರ ಕೊನೆಗೆ ಕಾನ್ವೇ ಅವರ ತಂಡ 12 ವಿಶ್ವವಿದ್ಯಾಲಯಗಳ 82 ಡಿಸೈನ್‌ಗಳನ್ನು ಇಂಟರ್‌ನೆಟ್‌ಗಿಂತ ಮೊದಲಿನ ಕಂಪ್ಯೂಟರ್ ಜಾಲವಾದ ಆರ್ಪಾನೆಟ್ ಮೂಲಕ ತರಿಸಿ, ಒಟ್ಟಿಗೇ ಸೇರಿಸಿ ಚಿಪ್ ಮಾಡಿಸಿತು. ಒಂದೇ ಸಲದ ಖರ್ಚನ್ನು ಇಷ್ಟು ಜನ ಹಂಚಿಕೊಂಡರೆ ತಲೆಗೆ ಬೀಳುವುದು ಸ್ವಲ್ಪವೇ. 1981ರಲ್ಲಿ ಇದೇ ಕೆಲಸಕ್ಕೆ ಮೋಸಿಸ್ ಎಂಬ ಸೇವೆ ಶುರುವಾಯಿತು.

ನಮ್ಮ ಟೇಪಿನಲ್ಲಿದ್ದ ಮುಖ್ಯ ಪ್ರೋಗ್ರಾಮ್ ಮ್ಯಾಜಿಕ್, ಪರದೆಯ ಮೇಲೆ ಚಿಪ್‌ನ ನಕ್ಷೆ ಬಿಡಿಸಲು. ಜಾನ್ ಔಸ್ಟರ್‌ಹೌಟ್ ಮತ್ತು ಅವರ ವಿದ್ಯಾರ್ಥಿಗಳು ಬರೆದದ್ದು. ಮೌಸಿನ ಎಡ ಬಟನ್ ಒತ್ತಿದರೆ ಚೌಕದ ಕೆಳಮೂಲೆ, ಬಲ ಬಟನ್ ಒತ್ತಿದರೆ ಮೇಲ್ಮೂಲೆ, ನಡುವಿನದು ಬಣ್ಣ ತುಂಬಲು. ಚಿಪ್‌ನ ಒಂದೊಂದು ಪದರಕ್ಕೆ ಒಂದೊಂದು ಬಣ್ಣ: ಪಾಲಿಸಿಲಿಕಾನ್ ಕೆಂಪು, ಡಿಫ್ಯೂಷನ್ ಹಸಿರು, ಮೆಟಲ್ ನೀಲಿ. ಹಸಿರಿನ ಮೇಲೆ ಕೆಂಪು ದಾಟಿದರೆ ಅಲ್ಲೊಂದು ಟ್ರಾನ್ಸಿಸ್ಟರ್, ಅಂದರೆ ಕರೆಂಟಿನ ಪುಟ್ಟ ಸ್ವಿಚ್. ಎರಡು ಗೆರೆ ಜಾಸ್ತಿ ಹತ್ತಿರ ಬಂದರೆ ಸಾಕು, ಅಲ್ಲೇ ಬಿಳಿ ಚುಕ್ಕೆಗಳು ಮೂಡುತ್ತಿದ್ದವು. ಸರಿಸಿದರೆ ಚುಕ್ಕೆ ಮಾಯ. ಆಗೆಲ್ಲ ಇಡೀ ನಕ್ಷೆ ಮುಗಿದ ಮೇಲೆ ತಪ್ಪು ಹುಡುಕುವುದು ವಾಡಿಕೆ. ಮ್ಯಾಜಿಕ್ ಮಾತ್ರ ಬಿಡಿಸುವಾಗಲೇ ಹೇಳುತ್ತಿತ್ತು. ಅದು ಖಾಲಿ ಜಾಗವನ್ನೂ ಒಂದು ಆಯತ ಎಂದೇ ಲೆಕ್ಕ ಇಡುತ್ತಿತ್ತು. ಪ್ರತಿ ಆಯತಕ್ಕೂ ತನ್ನ ಅಕ್ಕಪಕ್ಕದವರು ಯಾರು ಎಂಬುದು ಗೊತ್ತಿರುತ್ತಿತ್ತು. ಹಾಗಾಗಿ ನಾವು ಬದಲಿಸಿದ ಜಾಗದ ಸುತ್ತಮುತ್ತ ನೋಡಿದರೆ ಸಾಕಿತ್ತು. ಎಂಥ ಚೆಂದದ ಯೋಚನೆ! ಸೋರ್ಸ್ ಕೈಯಲ್ಲಿದ್ದದ್ದರಿಂದ ಅದನ್ನು ಓದಿಯೂ ಕಲಿತೆ.

ಸೋರ್ಸ್ ಬೇಕೇಬೇಕಾಗಿತ್ತು ಕೂಡ. ನಮ್ಮ ಗ್ರಾಫಿಕ್ಸ್ ಟರ್ಮಿನಲ್ ಬರ್ಕ್ಲಿಯವರ ಥರದ್ದಲ್ಲ. ಪ್ರೋಗ್ರಾಮ್ ಓಡುತ್ತಿತ್ತು, ಬಣ್ಣ ಮಾತ್ರ ಬರುತ್ತಿರಲಿಲ್ಲ. ಪುಣ್ಯಕ್ಕೆ ಪರದೆಗೆ ಸಂಬಂಧಪಟ್ಟ ಭಾಗವನ್ನು ಅವರು ಬೇರೆಯಾಗಿಯೇ ಬರೆದಿಟ್ಟಿದ್ದರು. ಅಣ್ಣ ಟರ್ಮಿನಲ್ಲಿನ ಮ್ಯಾನ್ಯುಯಲ್ ತೊಡೆಯ ಮೇಲಿಟ್ಟುಕೊಂಡು ಕೋಡ್ ಹೇಳುತ್ತಾ ಹೋದರು, ನಾನು ಟೈಪ್ ಮಾಡುತ್ತಾ ಹೋದೆ. ನಡುರಾತ್ರಿ ದಾಟಿದ ಮೇಲೆ ಮೊದಲ ಕೆಂಪು ಪಟ್ಟಿ ಮೂಡಿತು. ಆ ಫೈಲನ್ನು ಮಾರನೇ ದಿನವೇ ಬರ್ಕ್ಲಿಗೆ ಈಮೇಲ್ ಮಾಡಿದೆವು.

ನಾನು ಬಿಡಿಸಿದ್ದು 4 ಬಿಟ್ ಮಲ್ಟಿಪ್ಲೈಯರ್, ಅಂದರೆ ಎರಡು ಸಣ್ಣ ಸಂಖ್ಯೆಗಳನ್ನು ಗುಣಿಸುವ ಚಿಪ್, ಸಿಮಾಸ್ ಎಂಬ ತಯಾರಿಕಾ ವಿಧಾನದ 3 ಮೈಕ್ರಾನ್ ಅಳತೆಯಲ್ಲಿ. ಸಿಫ್ ಫೈಲನ್ನು ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಜಾಲವಾದ ಸಿಎಸ್‌ನೆಟ್ ಮೂಲಕ ಮೋಸಿಸ್‌ಗೆ ಕಳಿಸಿದೆ. ಆ ಕಡೆ ಮನುಷ್ಯರಲ್ಲ, ಪ್ರೋಗ್ರಾಮೇ ಪತ್ರ ಓದಿ ಉತ್ತರ ಬರೆಯುತ್ತಿತ್ತು. ಆಮೇಲೆ ಕಾಯುವುದಷ್ಟೇ ಕೆಲಸ. ಚಳಿಗಾಲ ಮುಗಿಯುವ ಹೊತ್ತಿಗೆ 40 ಕಾಲಿನ ಚಿಪ್‌ಗಳು ಬಂದವು. ಸರ್ಕ್ಯೂಟ್ ಪರೀಕ್ಷಿಸುವ ತೂತುಗಳ ಹಲಗೆಯಾದ ಬ್ರೆಡ್‌ಬೋರ್ಡಿಗೆ ಚುಚ್ಚಿ, ಸ್ವಿಚ್‌ಗಳಲ್ಲಿ 3 ಮತ್ತು 5 ಇಟ್ಟೆ. ಸಾಲಾಗಿ ನಾಲ್ಕು ಎಲ್‌ಇಡಿ ಹತ್ತಿದವು. ಬೈನರಿಯಲ್ಲಿ 1111, ಅಂದರೆ ಹದಿನೈದು! ಅಣ್ಣ ನನ್ನ ಬೆನ್ನಿಗೆ ಗುದ್ದಿದ ಗುದ್ದು ಚೆನ್ನಾಗಿ ನೆನಪಿದೆ. ಎಸ್.ಪಿ. ರೋಡಿನಲ್ಲಿ ಸಿಗದ ಚಿಪ್ ಅದು.

ಅದೇ ವಾರ ಇನ್ನೊಂದು ಊರಿನ ಕಾಲೇಜಿನಿಂದ ಈಮೇಲ್ ಬಂತು. ಅವರ ಹತ್ತಿರವೂ ನಮ್ಮಂಥದ್ದೇ ಟರ್ಮಿನಲ್. ಬರ್ಕ್ಲಿಯವರು ನಮ್ಮ ವಿಳಾಸ ಕೊಟ್ಟಿದ್ದರಂತೆ. ಫೈಲ್ ಕಳಿಸಿದೆವು. ಸ್ವಲ್ಪ ದಿನದಲ್ಲೇ ಅದು ತಿರುಗಿ ಬಂತು, ಪರದೆ ನಮ್ಮದಕ್ಕಿಂತ ಬೇಗ ತುಂಬುವ ಹಾಗೆ ಅವರು ಬದಲಿಸಿದ್ದರು. ನಮ್ಮದನ್ನು ತೆಗೆದು ಅವರದ್ದನ್ನು ಹಾಕಿಕೊಂಡೆವು.