ಡಾಂಬರು ಬಿದ್ದ ಮೇಲೆ ಅದೇ ಇಳಿಜಾರು ಬೇರೆ

ಕಪ್ಪತಗುಡ್ಡದ ಸೆರಗಿನಲ್ಲಿ ಡಂಬಳ, ಡೋಣಿಯಂಥ ಊರುಗಳ ಕಡೆ ಗರಸಿನ ದಾರಿಗೆ ಡಾಂಬರು ಬಿದ್ದರೆ ಎಲ್ಲರಿಗೂ ಖುಷಿ. ಖುಷಿ ಪಡಬೇಕಾದದ್ದೇ. ಆದರೆ ಹೇರು ತುಂಬಿದ ಟ್ರ್ಯಾಲಿ ಇಳಿಸುವವರು ಅಲ್ಲಿ ಬದಲಾಗುವ ಒಂದು ಲೆಕ್ಕವನ್ನು ತಿಳಿದಿರಲೇಬೇಕು.

ಟ್ರ್ಯಾಕ್ಟರ್, ಟ್ರ್ಯಾಲಿ, ಹೇರು ಸೇರಿ 6 ಟನ್ ಅನ್ನಿ. ದಾರಿ 400 ಮೀಟರ್, ಇಳಿತ 20 ಮೀಟರ್. ಮೇಲೆ ನಿಂತಾಗ ಎತ್ತರದಿಂದಾಗಿ ಅದರಲ್ಲಿ ಅಡಗಿರುವ ಪ್ರಚ್ಛನ್ನ ಶಕ್ತಿ 6000 (ಕೆ.ಜಿ.) × 9.8 (ಭೂಮಿಯ ಸೆಳೆತ) × 20 (ಮೀಟರ್), ಅಂದರೆ 11.76 ಲಕ್ಷ ಜೌಲ್. ಬುಡ ಮುಟ್ಟುವಷ್ಟರಲ್ಲಿ ಇದು ಓಟವಾಗಬೇಕು, ಇಲ್ಲವೇ ಕಾವಾಗಬೇಕು, ಮೂರನೆಯ ದಾರಿಯಿಲ್ಲ. ತಡೆಯೇ ಇರದಿದ್ದರೆ ಕೆಳಗೆ ಬರುವಾಗ ವೇಗ ಗಂಟೆಗೆ 71 ಕಿ.ಮೀ. ಖಾಲಿ ಟ್ರ್ಯಾಲಿಗೂ ಅಷ್ಟೇ, ಏಕೆಂದರೆ ಲೆಕ್ಕದಲ್ಲಿ ತೂಕ ಎರಡೂ ಕಡೆ ಹೊಡೆದುಹೋಗುತ್ತದೆ. ತೂಕ ಕಾಡುವುದು ಗಾಡಿ ನಿಲ್ಲಿಸುವಾಗ.

ಸಡಿಲ ಗರಸಿನಲ್ಲಿ ಗಾಲಿ ಉರುಳಬೇಕಾದರೆ ಮಣ್ಣು ಅದುಮಬೇಕು, ಹರಳು ಸರಿಸಬೇಕು. ಈ ತಡೆ ಗಾಡಿಯ ತೂಕದ ಶೇ. 5ರ ಆಸುಪಾಸು. 400ಕ್ಕೆ 20 ಇಳಿಯುವ ದಾರಿಯಲ್ಲಿ ಗಾಡಿಯನ್ನು ಕೆಳಗೆ ಎಳೆಯುವ ಬಲವೂ ತೂಕದ ಶೇ. 5. ಎರಡೂ ಸರಿಸಮ, ಹಾಗಾಗಿ ಬ್ರೇಕಿಗೆ ಕೆಲಸವೇ ಇರಲಿಲ್ಲ. ಡಾಂಬರಿನ ಮೇಲೆ ಆ ತಡೆ ಶೇ. 1.5ರಷ್ಟಕ್ಕೆ ಇಳಿಯುತ್ತದೆ. ಅದು ನುಂಗುವುದು ಸುಮಾರು 3.5 ಲಕ್ಷ ಜೌಲ್. ಉಳಿದ 8.2 ಲಕ್ಷವನ್ನು ಎಂಜಿನ್ ಮತ್ತು ಬ್ರೇಕ್ ಹೊರಬೇಕು. ಸಪಾಟು ರಸ್ತೆಯಲ್ಲಿ 20 ಕಿ.ಮೀ. ವೇಗದ ಇದೇ ಗಾಡಿಯನ್ನು ನಿಲ್ಲಿಸಲು 93 ಸಾವಿರ ಜೌಲ್ ಸಾಕು. ಅಂದರೆ ಒಂದು ಇಳಿಜಾರು ಇಳಿಯುವುದೆಂದರೆ ಒಂಬತ್ತು ಸಲ ಬ್ರೇಕ್ ಹಾಕಿ ನಿಲ್ಲಿಸಿದಷ್ಟು ಕಾವು. ತಲಾ 12 ಕೆ.ಜಿ.ಯ ಎರಡು ಬೀಡುಕಬ್ಬಿಣದ ಬ್ರೇಕ್ ಡ್ರಮ್ಮೇ ಇದನ್ನೆಲ್ಲ ಹೊತ್ತರೆ, ಒಟ್ಟಾರೆ 75 ಡಿಗ್ರಿ ಏರುತ್ತವೆ. ಡ್ರಮ್ಮನ್ನು ಉಜ್ಜಿ ಹಿಡಿಯುವ ಪಟ್ಟಿ, ಅಂದರೆ ಲೈನಿಂಗ್, ಉಜ್ಜುವ ಮೈ ಅದಕ್ಕಿಂತ ಬಹಳ ಹೆಚ್ಚು ಕಾಯುತ್ತದೆ. ಕಾದ ಲೈನಿಂಗಿನ ಹಿಡಿತ ಸಡಿಲುತ್ತದೆ, ಸುಟ್ಟ ವಾಸನೆ ಬರುತ್ತದೆ, ಪೆಡಲ್ ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಇದ್ದರೆ ಎಣ್ಣೆ ಕಾವನ್ನು ಹಂಚಿಕೊಳ್ಳುತ್ತದೆ, ಅದಕ್ಕೂ ಮಿತಿಯುಂಟು.

ಅದಕ್ಕೇ ಎಂಜಿನ್ನಿಗೆ ಕೆಲಸ ಕೊಡಬೇಕು. ಆ ಏರನ್ನು ಹೇರು ಸಮೇತ ಹತ್ತಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಿರಿ, ಅದನ್ನೂ ತುದಿಯಲ್ಲೇ ಹಾಕಿಕೊಳ್ಳಿ. ನಡುವೆ ಬದಲಿಸಲು ಕ್ಲಚ್ ತುಳಿದರೆ ಗಾಲಿಗೂ ಎಂಜಿನ್ನಿಗೂ ಸಂಬಂಧ ಕಡಿಯುತ್ತದೆ, ಗಾಡಿ ಓಡಲು ಶುರು. ಆಮೇಲೆ ಸಣ್ಣ ಗೇರು ಬೀಳುವುದೇ ಇಲ್ಲ. 15 ಕಿ.ಮೀ. ವೇಗದಲ್ಲಿ ಈ ಇಳಿಜಾರಿಗೆ 96 ಸೆಕೆಂಡು ಹಿಡಿಯುತ್ತದೆ. 30ರಲ್ಲಿ ಇಳಿದರೆ ಅದೇ ಕಾವು ಅರ್ಧ ಹೊತ್ತಿನಲ್ಲಿ ಹುಟ್ಟಬೇಕು, ನಿಲ್ಲಿಸಲು ಉಳಿದ ಚಲನಶಕ್ತಿ ನಾಲ್ಕು ಪಟ್ಟು.

"ನ್ಯೂಟ್ರಲ್ ಹಾಕಿದ್ರ ಡೀಸೆಲ್ ಉಳಿತೈತಿ" ಎನ್ನುವ ಮಾತು ತಪ್ಪು. ಗೇರಿನಲ್ಲಿದ್ದು ಆಕ್ಸಲರೇಟರ್ ಬಿಟ್ಟರೆ ಗಾಲಿಯೇ ಎಂಜಿನ್ ತಿರುಗಿಸುತ್ತದೆ, ಎಂಜಿನ್ನಿನ ವೇಗ ಕಾಯುವ ಗವರ್ನರ್ ಪಂಪಿನ ಡೀಸೆಲ್ ಕತ್ತರಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಉರಿಯುತ್ತಿರಲು ಡೀಸೆಲ್ ಬೇಕೇ ಬೇಕು.

ಟ್ರ್ಯಾಲಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಅದರ ಪಾಲಿನ ಶಕ್ತಿಯೂ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳ ಮೇಲೇ. ತಿರುವಿನಲ್ಲಿ ಜೋರಾಗಿ ಬ್ರೇಕ್ ಹಾಕಿದರೆ ಟ್ರ್ಯಾಲಿ ನೇರ ನುಗ್ಗಿ ಟ್ರ್ಯಾಕ್ಟರಿನ ಹಿಂಭಾಗವನ್ನು ಪಕ್ಕಕ್ಕೆ ದಬ್ಬುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ. ಹೊಲದಲ್ಲಿ ಬೇರೆ ಬೇರೆಯಾಗಿ ಬಿಟ್ಟಿದ್ದ ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ರಸ್ತೆಗೆ ಬರುವ ಮುನ್ನ ಪಟ್ಟಿ ಹಾಕಿ ಕೂಡಿಸಿ. ಒಂದೇ ಪೆಡಲ್ ಕಾಲಿಗೆ ಸಿಕ್ಕರೆ ಒಂದೇ ಗಾಲಿ ಹಿಡಿದು ಗಾಡಿ ಗಿರ್ರನೆ ತಿರುಗುತ್ತದೆ. ಕಾದ ಡ್ರಮ್ಮಿಗೆ ನೀರು ಸುರಿಯಬೇಡಿ, ಬೀಡು ಸೀಳುತ್ತದೆ. ಸಪಾಟಿನಲ್ಲಿ ನಿಲ್ಲಿಸಿ ಗಾಳಿಗೆ ಆರಲು ಬಿಡಿ.