ನೋಟಿಸ್‌ನಲ್ಲಿ ಹತ್ತು ಕೋಟಿ, ಕೋರ್ಟ್ ಫೀ ಇಪ್ಪತ್ತೈದು ರೂಪಾಯಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಯಾವುದಾದರೂ ವಾರಪತ್ರಿಕೆ ಊರಿನ ದೊಡ್ಡವರ ಮೇಲೆ ಬರೆಯಿತೆಂದರೆ ಮರುವಾರ ಒಂದು ಮಾತು ಹರಿದಾಡುತ್ತದೆ: 'ಹತ್ತು ಕೋಟಿ ಮಾನನಷ್ಟ ಹಾಕಿದಾರಂತೆ.' ಹೆಚ್ಚಿನ ಸಲ ಹಾಕಿರುವುದೇ ಇಲ್ಲ. ವಕೀಲರ ನೋಟಿಸ್‌ನ ಕೊನೆಯ ಪ್ಯಾರಾದಲ್ಲಿ ಆ ಅಂಕಿ ಕೂತಿರುತ್ತದೆ, ಅಷ್ಟೆ. ನೋಟಿಸ್‌ಗೆ ಕೋರ್ಟ್ ಫೀ ಇಲ್ಲ, ಎಷ್ಟು ಸೊನ್ನೆ ಬೇಕಾದರೂ ಬರೆಯಬಹುದು. ಪರಿಹಾರ ಕೇಳಿ ದಾವೆ ಹೂಡಲು ಹೊರಟರೆ ಮಾತ್ರ ಕರ್ನಾಟಕದ 1958ರ ನ್ಯಾಯಾಲಯ ಶುಲ್ಕ ಕಾಯ್ದೆಯಂತೆ ಕೇಳಿದ ಮೊತ್ತದ ಮೇಲೇ ಫೀ ಕಟ್ಟಬೇಕು. ಹಾಗಾಗಿ ಕೋಟಿಯ ನೋಟಿಸ್ ಕೊಟ್ಟವರು ಕೋರ್ಟ್ ಮೆಟ್ಟಿಲು ಹತ್ತುವಾಗ ಹಣದ ಮಾತು ಬಿಟ್ಟು, 'ಇನ್ನು ಮುಂದೆ ಬರೆಯಬಾರದು' ಎಂಬ ಶಾಶ್ವತ ನಿರ್ಬಂಧಕಾಜ್ಞೆಯೊಂದನ್ನೇ ಕೇಳುತ್ತಾರೆ. ಅದಕ್ಕೆ ಕಲಂ 26(ಸಿ) ಅಡಿ 1,000 ರೂಪಾಯಿ ಮೌಲ್ಯ ತೋರಿಸಿ 25 ರೂಪಾಯಿ ಕಟ್ಟಿದರೆ ಸಾಕು. ದಾವೆ ಸುಳ್ಳು, ಕಿರುಕುಳಕ್ಕೆ ಹೂಡಿದ್ದು ಎಂದಾದರೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಂ ಕೊಡಿಸುವ ಪರಿಹಾರ ವೆಚ್ಚಕ್ಕೆ 3,000 ರೂಪಾಯಿಯ ಮಿತಿ ಇದೆ. ಪತ್ರಿಕೆಯವರ ಬಾಯಿ ಮುಚ್ಚಿಸಲು ಇಷ್ಟು ಅಗ್ಗದ ಸಾಧನ ಬೇರೆ ಇಲ್ಲ ಎಂದರೆ ತಪ್ಪಾಗದು.

ನಿಜವಾಗಿಯೂ ಸುಳ್ಳು ಬರೆಸಿಕೊಂಡವರು ಏನು ಮಾಡಬೇಕು ಎಂಬುದು ಬೇರೆ ಪ್ರಶ್ನೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಸಹಕಾರ ಸಂಘದ ಅಧ್ಯಕ್ಷರು. ಟ್ಯಾಬ್ಲಾಯ್ಡ್‌ನ ಮುಖಪುಟದಲ್ಲಿ ದಪ್ಪ ಅಕ್ಷರ: 'ಗೊರಬಲಿಗೆ ರಾಶಿ ದರ: ನುಂಗಿದರೇ ಕೆಂಪಡಿಕೆ ಸಾಹುಕಾರ?' ಗೊರಬಲು ಎಂಬ ಕೆಳದರ್ಜೆಯ ಅಡಿಕೆಯನ್ನು ಮೇಲ್ದರ್ಜೆಯ ರಾಶಿಯ ಬೆಲೆಗೆ ಕೊಂಡ ಲೆಕ್ಕ ಬರೆದು ವ್ಯತ್ಯಾಸ ಹೊಡೆದರು ಎಂಬುದು ಆರೋಪ. ಹೆಸರಿಲ್ಲ, ಪ್ರಶ್ನಾರ್ಥಕ ಚಿಹ್ನೆ ಇದೆ, ಒಳಗೆ 'ಎನ್ನಲಾಗಿದೆ', 'ಬಲ್ಲ ಮೂಲಗಳ ಪ್ರಕಾರ' ಅಂತ ನಾಲ್ಕೈದು ಕಡೆ ಇದೆ. ಇವ್ಯಾವುವೂ ಪತ್ರಿಕೆಯನ್ನು ಕಾಪಾಡುವುದಿಲ್ಲ. ಇನ್ನೊಬ್ಬರು ಹೇಳಿದ್ದನ್ನು ಮತ್ತೆ ಅಚ್ಚು ಹಾಕಿದರೂ ಹೇಳಿದಂತೆಯೇ. ಆದರೆ ಹೆಸರಿಲ್ಲದಿರುವುದು ಅಧ್ಯಕ್ಷರ ತಲೆಯ ಮೇಲೆ ಒಂದು ಹೊರೆ ಹಾಕುತ್ತದೆ. 'ಕೆಂಪಡಿಕೆ ಸಾಹುಕಾರ' ಎಂದರೆ ತಾವೇ ಎಂದು ಓದಿದವರಿಗೆ ಹೇಗೆ ಗೊತ್ತಾಯಿತು ಎಂಬುದನ್ನು ದೂರಿನಲ್ಲೇ ಬಿಡಿಸಿ ಬರೆಯಬೇಕು, ಹಾಗೆ ಓದಿ ಗುರುತಿಸಿದ ಇಬ್ಬರಾದರೂ ಬಂದು ಸಾಕ್ಷಿ ಹೇಳಬೇಕು. ಅಧ್ಯಕ್ಷರ ತಮ್ಮ, ಭಾವಮೈದ ಬಂದು ಹೇಳಿದರೆ ಅದಕ್ಕೆ ತೂಕ ಕಡಿಮೆ. ಮಂಡಿಯ ವ್ಯಾಪಾರಿಯೋ ಸಂಘದ ಷೇರುದಾರನೋ ಆದರೆ ಮಾತು ನಿಲ್ಲುತ್ತದೆ.

ಮೊದಲ ಕೆಲಸ, ಪತ್ರಿಕೆ ಕೊಳ್ಳುವುದು. ಕತ್ತರಿಸಿಟ್ಟ ತುಂಡು ಸಾಲದು, ಇಡೀ ಸಂಚಿಕೆ ಬೇಕು, ಅದೂ ಮೂರು ಪ್ರತಿ: ಒಂದು ಕೋರ್ಟ್‌ಗೆ, ಒಂದು ವಕೀಲರಿಗೆ, ಒಂದು ಮನೆಯಲ್ಲಿ. ಕೊನೆಯ ಪುಟದ ಅಡಿಯಲ್ಲಿ ಸಂಪಾದಕ, ಮುದ್ರಕ, ಪ್ರಕಾಶಕರ ಹೆಸರಿರುವ ಸಣ್ಣ ಅಕ್ಷರದ ಸಾಲು ಇರುತ್ತದಲ್ಲ, ಯಾರ ಮೇಲೆ ದೂರು ಎಂಬುದನ್ನು ನಿರ್ಧರಿಸುವುದೇ ಅದು. ಸಿಟ್ಟಿನಲ್ಲಿ ಗೌರವ ಸಂಪಾದಕ, ಮಾಲೀಕ, ಡಿಟಿಪಿ ಹುಡುಗ, ಅಂಗಡಿಯವ ಅಂತ ಹನ್ನೆರಡು ಜನರನ್ನು ಸೇರಿಸುವವರಿದ್ದಾರೆ. ಬರಹ ಆರಿಸಿ ಹಾಕಿದವನು ಸಂಪಾದಕನೆಂದು ಘೋಷಿಸಿಕೊಂಡವನೇ ಎಂಬ ಕಾನೂನಿನ ಊಹೆ ಪ್ರಧಾನ ಸಂಪಾದಕನಿಗೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಕೆ.ಎಂ. ಮ್ಯಾಥ್ಯೂ ಪ್ರಕರಣದಲ್ಲಿ, 1867ರ ಹಳೆಯ ಪತ್ರಿಕಾ ನೋಂದಣಿ ಕಾಯ್ದೆಯಡಿ ಹೇಳಿದೆ. ಉಳಿದವರ ಪಾತ್ರವನ್ನು ಒಬ್ಬೊಬ್ಬರದಾಗಿ ಬರೆಯದಿದ್ದರೆ ಅವರು ಹೈಕೋರ್ಟ್‌ಗೆ ಹೋಗಿ ಕೇಸು ರದ್ದು ಮಾಡಿಸಿಕೊಳ್ಳುತ್ತಾರೆ, ಅಷ್ಟು ದಿನ ಮೂಲ ಕೇಸೂ ಕುಂಟುತ್ತದೆ.

ವಾಟ್ಸಾಪ್ ಗುಂಪಿಗೆ ಬಂದ ಪಿಡಿಎಫ್ ಇದ್ದರೆ ಅದು ಬೇರೆಯೇ ಸಾಕ್ಷ್ಯ. ಭಾರತೀಯ ಸಾಕ್ಷ್ಯ ಅಧಿನಿಯಮದ 63(4) ಕಲಂನ ಪ್ರಮಾಣಪತ್ರ ಬೇಕು, ಅದರ 'ಎ' ಭಾಗ ಫೋನು ಯಾರದೋ ಅವರದು, 'ಬಿ' ಭಾಗ ತಜ್ಞರದು, ಕಡತ ಬದಲಾಗಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಫೋನು ಬದಲಾಯಿಸುವ ಮೊದಲೇ ಇದನ್ನು ಮಾಡಿಸಿಕೊಳ್ಳಿ.

ದೂರಿನಲ್ಲಿ 'ನನ್ನ ವಿರುದ್ಧ ಅವಹೇಳನಕಾರಿಯಾಗಿ ಬರೆದಿದ್ದಾರೆ' ಎಂದರೆ ಏನೂ ಹೇಳಿದಂತಾಗಲಿಲ್ಲ. ಯಾವ ಪುಟ, ಯಾವ ಕಾಲಂ, ಯಾವ ವಾಕ್ಯ ಎಂಬುದನ್ನು ಪತ್ರಿಕೆಯಲ್ಲಿದ್ದ ಹಾಗೇ, ಅವರ ಕಾಗುಣಿತದ ತಪ್ಪನ್ನೂ ಉಳಿಸಿಕೊಂಡು ಎತ್ತಿ ಬರೆಯಬೇಕು. ತಾರೀಖಿನ ವಿಷಯವೂ ಇದೆ. ಮಾನನಷ್ಟಕ್ಕೆ ಪರಿಹಾರ ಕೇಳುವ ಸಿವಿಲ್ ದಾವೆಗೆ 1963ರ ಕಾಲಮಿತಿ ಕಾಯ್ದೆ ಕೊಡುವುದು ಪ್ರಕಟವಾದಂದಿನಿಂದ ಒಂದೇ ವರ್ಷ. ಕ್ರಿಮಿನಲ್ ದೂರಿಗೆ ಮೂರು ವರ್ಷ. ವಾರಪತ್ರಿಕೆಗಳು ಮುಖಪುಟದ ತಾರೀಖಿಗಿಂತ ಕೆಲವು ದಿನ ಮೊದಲೇ ಬಸ್‌ಸ್ಟ್ಯಾಂಡ್ ಅಂಗಡಿಗೆ ಬಂದಿರುವುದುಂಟು. ವರ್ಷದ ಕೊನೆಯ ದಿನದವರೆಗೆ ಕಾದವರು ಅಲ್ಲೇ ಸಿಕ್ಕಿಬೀಳುವುದು. ಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾದರೂ ಸಾಗರದಲ್ಲಿ ಮಾರಾಟವಾಗಿ ಅಲ್ಲೇ ಮಾನ ಹೋಗಿದ್ದರೆ ಸಾಗರದಲ್ಲೇ ದಾವೆ ಹೂಡಬಹುದು.

ಇನ್ನು ಕ್ರಿಮಿನಲ್ ದಾರಿ. ಹಿಂದೆ ಐಪಿಸಿ 499, 500 ಆಗಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ: ಎರಡು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ, ಅಥವಾ ಸಮುದಾಯ ಸೇವೆ. ಪೊಲೀಸ್ ಠಾಣೆಗೆ ಹೋಗಿ 'ಎಫ್‌ಐಆರ್ ಹಾಕಿ' ಎಂದು ಪಟ್ಟು ಹಿಡಿಯುವುದು ವ್ಯರ್ಥ. ಇದು ಅಸಂಜ್ಞೇಯ ಅಪರಾಧ, ಅಂದರೆ ಕೋರ್ಟಿನ ಅಪ್ಪಣೆಯಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಎನ್‌ಸಿಆರ್ ಎಂಬ ಬರೀ ದಾಖಲೆ ಬರೆದು ಕಳಿಸುತ್ತಾರೆ. ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು, ಕೋರ್ಟಿನವರ ಬಾಯಲ್ಲಿ ಪಿಸಿಆರ್. ಈಗ ಹೆಚ್ಚು ಕೇಸುಗಳು ಬೀಳುವುದು ಈ ಹಂತದಲ್ಲೇ ಮಾಡುವ ಕ್ರಮದ ತಪ್ಪಿನಿಂದ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಂ ಪ್ರಕಾರ ಆರೋಪಿಯ ಮಾತು ಕೇಳದೆ ಸಂಜ್ಞೇಯತೆ ತೆಗೆದುಕೊಳ್ಳುವಂತಿಲ್ಲ, ಅಂದರೆ ದೂರನ್ನು ಕೇಸಾಗಿ ಎತ್ತಿಕೊಳ್ಳುವಂತಿಲ್ಲ. ಹಾಗಂತ ದೂರು ಬಂದ ಕೂಡಲೇ ನೋಟಿಸ್ ಕೊಡುವುದೂ ತಪ್ಪು. ಮೊದಲು ದೂರುದಾರ ಮತ್ತು ಸಾಕ್ಷಿಗಳ ಪ್ರಮಾಣ ಹೇಳಿಕೆ, ಅದನ್ನೂ ಲಗತ್ತಿಸಿ ಆರೋಪಿಗೆ ನೋಟಿಸ್, ಆಮೇಲೆ ಸಂಜ್ಞೇಯತೆ. ಬಸನಗೌಡ ಯತ್ನಾಳ್ ಮತ್ತು ಶಿವಾನಂದ ಪಾಟೀಲ್ ನಡುವಿನ ಮಾನನಷ್ಟ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ 2024ರಲ್ಲಿ ಈ ಅನುಕ್ರಮವನ್ನು ಸ್ಪಷ್ಟ ಮಾಡಿತು. ಸಂಪಾದಕ ಬೆಂಗಳೂರಿನವನಾಗಿದ್ದು ದೂರು ಶಿವಮೊಗ್ಗದಲ್ಲಾದರೆ ಇನ್ನೊಂದು ಮೆಟ್ಟಿಲು: ಆರೋಪಿ ಆ ಕೋರ್ಟಿನ ವ್ಯಾಪ್ತಿಯ ಹೊರಗಿದ್ದಾನೆ ಎಂದ ಮೇಲೆ 225ನೇ ಕಲಂನ ವಿಚಾರಣೆ ನಡೆಸದೆ ಸಮನ್ಸ್ ಕಳಿಸಿದರೆ ಅದನ್ನೂ ಪ್ರಶ್ನಿಸಬಹುದು.

ದೂರು ಕೊಟ್ಟವರು ಮರೆಯುವುದು ಕಟಕಟೆಯನ್ನು. ಪಾಟಿ ಸವಾಲು ಮೊದಲು ಎದುರಿಸಬೇಕಾದವರು ಅಧ್ಯಕ್ಷರೇ. ಸಂಘದ ಆಡಿಟ್ ವರದಿ, ಸಹಕಾರ ಕಾಯ್ದೆಯ 64ನೇ ಕಲಂನ ವಿಚಾರಣೆ ಏನಾದರೂ ನಡೆದಿದ್ದರೆ ಅದರ ವರದಿ, ಖರೀದಿ ರಿಜಿಸ್ಟರ್, ಎಲ್ಲವನ್ನೂ ಎದುರು ವಕೀಲರು ತರಿಸುತ್ತಾರೆ. ಅಲ್ಲಿ ಗೊರಬಲು-ರಾಶಿಯ ಎರಡು ಬಿಲ್ಲು ಹೊಂದಾಣಿಕೆಯಾಗದೆ ಸಿಕ್ಕರೆ ಪತ್ರಿಕೆ ಬರೆದದ್ದಕ್ಕಿಂತ ಹೆಚ್ಚು ಮಾನ ಕೋರ್ಟಿನಲ್ಲಿ ಹೋಗುತ್ತದೆ. ಟ್ಯಾಬ್ಲಾಯ್ಡ್ ಮೊಕದ್ದಮೆಗಳ ತವರಾದ ಬ್ರಿಟನ್ನಿನಲ್ಲಿ ಜೆಫ್ರಿ ಆರ್ಚರ್ 1987ರಲ್ಲಿ ಡೈಲಿ ಸ್ಟಾರ್ ವಿರುದ್ಧ ಗೆದ್ದು 5 ಲಕ್ಷ ಪೌಂಡ್ ಪಡೆದರು. ಅದೇ ಕೇಸಿನಲ್ಲಿ ಸುಳ್ಳು ಹೇಳಿದ್ದಕ್ಕೆ 2001ರಲ್ಲಿ ನಾಲ್ಕು ವರ್ಷದ ಸಜೆಯಾಯಿತು. ಸಿವಿಲ್ ದಾವೆಯಲ್ಲಿ ಬರೆದದ್ದು ನಿಜ ಎಂದು ತೋರಿಸಿದರೆ ಪತ್ರಿಕೆಗೆ ಅಷ್ಟೇ ಸಾಕು. ಕ್ರಿಮಿನಲ್‌ನಲ್ಲಿ ನಿಜದ ಜೊತೆಗೆ ಸಾರ್ವಜನಿಕ ಹಿತವೂ ಇತ್ತೆಂದು ತೋರಿಸಬೇಕು.

ಟ್ಯಾಬ್ಲಾಯ್ಡ್ ಎಂದರೆ ಬರೀ ರೋಲ್‌ಕಾಲ್ ಎಂದು ಮೂಗು ಮುರಿಯುವವರಿಗೆ ಒಂದು ಮಾತು. 1980ರಲ್ಲಿ ಜಾಹೀರಾತಿಲ್ಲದ ಟ್ಯಾಬ್ಲಾಯ್ಡ್ ಶುರುಮಾಡಿ ಸರ್ಕಾರಗಳಿಗೆ ನಿದ್ದೆಗೆಡಿಸಿದ ಲಂಕೇಶ್ ಇದೇ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರು. ಅವರ ಮಗಳು ಗೌರಿ ತಮ್ಮ ವಾರಪತ್ರಿಕೆಯಲ್ಲಿ 2008ರಲ್ಲಿ ಪ್ರಕಟಿಸಿದ ವರದಿಗೆ ಸಂಸದ ಪ್ರಲ್ಹಾದ ಜೋಶಿ ಮತ್ತು ಉಮೇಶ್ ದುಶಿ ಹೂಡಿದ ಪ್ರಕರಣಗಳಲ್ಲಿ ಹುಬ್ಬಳ್ಳಿಯ ಜೆಎಂಎಫ್‌ಸಿ (ಮೊದಲ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯ ಆರು ತಿಂಗಳ ಸಜೆ ಮತ್ತು ದಂಡ ವಿಧಿಸಿದ್ದು 2016ರ ನವೆಂಬರ್‌ನಲ್ಲಿ. ಮೊದಲ ಕೋರ್ಟಿನ ತೀರ್ಪಿಗೇ ಎಂಟು ವರ್ಷ ದಾಟಿತ್ತು. ಶಾಸಕರಿಗೆ ಕೋರ್ಟಿನ ಹೊರಗೂ ಒಂದು ದಾರಿ ಇದೆ: 2017ರ ಜೂನ್‌ನಲ್ಲಿ ವಿಧಾನಸಭೆ ಹಕ್ಕುಚ್ಯುತಿ ಎಂದು ರವಿ ಬೆಳಗೆರೆ ಮತ್ತು ಇನ್ನೊಬ್ಬ ಸಂಪಾದಕರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ಎಂದು ತೀರ್ಮಾನಿಸಿತು. ತಮ್ಮ ಮೇಲಿನ ಬರಹಕ್ಕೆ ತಾವೇ ನ್ಯಾಯಾಧೀಶರಾಗುವ ಈ ಪದ್ಧತಿ ನನಗಂತೂ ಒಪ್ಪಿಗೆಯಿಲ್ಲ.

ಮಂತ್ರಿ, ಸರ್ಕಾರಿ ನೌಕರರಾದರೆ ಅನುಮತಿ ಪಡೆದು ಸರ್ಕಾರಿ ಅಭಿಯೋಜಕರ ಮೂಲಕ ನೇರ ಸೆಷನ್ಸ್ ಕೋರ್ಟ್‌ಗೆ ಹೋಗಬಹುದು, ಆರು ತಿಂಗಳೊಳಗೆ. ಆದರೆ ಬರಹ ಅವರ ಅಧಿಕಾರದ ಕೆಲಸದ ಬಗ್ಗೆ ಇರಬೇಕು. ಮನೆ, ನೆಂಟರ ಬಗ್ಗೆ ಇದ್ದರೆ ಈ ದಾರಿ ಮುಚ್ಚಿದೆ ಎಂಬುದು ಸುಪ್ರೀಂ ಕೋರ್ಟ್‌ನ 2018ರ ಕೆ.ಕೆ. ಮಿಶ್ರಾ ತೀರ್ಪಿನ ಸಾರ.

ಮೊದಲು ಹೇಳಿದ 25 ರೂಪಾಯಿಯ ದಾವೆಗೆ ಬರೋಣ. ಅದರ ಜೀವವಿರುವುದು ಎದುರು ಪಾರ್ಟಿಯ ಮಾತು ಕೇಳದೆ ಕೊಡುವ ಏಕಪಕ್ಷೀಯ ತಡೆಯಾಜ್ಞೆಯಲ್ಲಿ. 2019ರಲ್ಲಿ ತೇಜಸ್ವಿ ಸೂರ್ಯ ಅವರಿಗೆ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟ್ ಕೊಟ್ಟಿದ್ದ ಅಂಥ ಆದೇಶವನ್ನು ಹೈಕೋರ್ಟ್ ಎರಡೇ ವಾರದಲ್ಲಿ ತೆಗೆದುಹಾಕಿತು. 2024ರ ಮಾರ್ಚ್‌ನಲ್ಲಿ ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್‌ನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಮೊದಲೇ ಬರಹ ತಡೆಯುವುದು ತೀರಾ ಅಪರೂಪವಾಗಿರಬೇಕು ಎಂದಿತು. ಆದರೂ ಕೊಡುತ್ತಾರೆ. ಆದೇಶ ಸಿಕ್ಕವರು ಆ ದಿನ ಅಥವಾ ಮರುದಿನವೇ ಎದುರು ಪಾರ್ಟಿಗೆ ಕಾಗದಪತ್ರ ಕಳಿಸಿ, ಕಳಿಸಿದ್ದೇವೆಂದು ಕೋರ್ಟ್‌ಗೆ ಅಫಿಡವಿಟ್ ಹಾಕಬೇಕು. ಇದನ್ನು ಬಿಟ್ಟರೆ ಆದೇಶ ತೆರವಿಗೆ ಅದೇ ಕಾರಣ ಸಾಕು. ಪತ್ರಿಕೆಯವರಿಗೊಂದು ಕಿವಿಮಾತು: ನೋಟಿಸ್ ಬಂದ ವಾರವೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಅಡಿ ಕೇವಿಯಟ್ ಹಾಕಿ, ಅಂದರೆ 'ನಮ್ಮ ಮಾತು ಕೇಳದೆ ಆದೇಶ ಕೊಡಬೇಡಿ' ಎಂಬ ಅರ್ಜಿ. 90 ದಿನ ನಡೆಯುತ್ತದೆ. ಸಾಗರ, ಶಿವಮೊಗ್ಗ, ಬೆಂಗಳೂರು, ಎಲ್ಲೆಲ್ಲಿ ದಾವೆ ಬರಬಹುದೋ ಅಲ್ಲೆಲ್ಲ ಹಾಕಬೇಕು.

ಸುದ್ದಿ ಬರೆಯದಿರಲು ಯಾರಾದರೂ ದುಡ್ಡು ಕೇಳಿದ್ದರೆ ಅದು ಮಾನನಷ್ಟವೇ ಅಲ್ಲ, ಸುಲಿಗೆ. ನ್ಯಾಯ ಸಂಹಿತೆಯ 308, ಠಾಣೆಯಲ್ಲೇ ಎಫ್‌ಐಆರ್ ಆಗುತ್ತದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಕಲಸಬೇಡಿ.

ಯಾರೂ ಬಳಸದ ದಾರಿ ಭಾರತೀಯ ಪತ್ರಿಕಾ ಮಂಡಳಿ. ಖರ್ಚಿಲ್ಲ. ಮೊದಲು ಸಂಪಾದಕರಿಗೆ ಪತ್ರ ಬರೆದು ಉತ್ತರಕ್ಕೆ ಕಾಯಬೇಕು. ದಿನಪತ್ರಿಕೆ, ವಾರಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು, ಜೊತೆಗೆ ಕನ್ನಡ ಬರಹದ ಇಂಗ್ಲಿಷ್ ಅನುವಾದ, ಯಾವ ಕೋರ್ಟಿನಲ್ಲೂ ಕೇಸಿಲ್ಲ ಎಂಬ ಘೋಷಣೆ. ಮಂಡಳಿ ಛೀಮಾರಿ ಹಾಕಬಹುದೇ ಹೊರತು ದಂಡ ಹಾಕಲಾರದು. ಹೆಚ್ಚಿನವರು ಆ ಎರಡು ತಿಂಗಳನ್ನು ಕೋಟಿಯ ನೋಟಿಸ್‌ನ ಉತ್ತರ ಕಾಯುತ್ತಲೇ ಕಳೆದಿರುತ್ತಾರೆ.

ಅಧ್ಯಕ್ಷರಿಗೆ ನಿಜಕ್ಕೂ ಬೇಕಾದದ್ದು ತಿದ್ದುಪಡಿಯಾದರೆ ಅದನ್ನೇ ನೋಟಿಸ್‌ನಲ್ಲಿ ಕೇಳಬೇಕು, ವಾಕ್ಯವನ್ನೂ ತಾವೇ ಬರೆದುಕೊಡಬೇಕು. ಪತ್ರಿಕೆಗೆ ಬಿಟ್ಟರೆ ಒಳಪುಟದ ಮೂಲೆಯಲ್ಲಿ 'ಯಾರ ಮನಸ್ಸಿಗಾದರೂ ನೋವಾಗಿದ್ದಲ್ಲಿ ವಿಷಾದಿಸುತ್ತೇವೆ' ಎಂದು ಬರುತ್ತದೆ, ಅದರಿಂದ ಯಾರ ಹೆಸರೂ ತೊಳೆಯುವುದಿಲ್ಲ. ಹೀಗಿರಲಿ: 'ನಮ್ಮ ಇಂಥ ತಾರೀಖಿನ ಸಂಚಿಕೆಯ ಮುಖಪುಟದಲ್ಲಿ, ಸಂಘದ ಅಧ್ಯಕ್ಷರು ಗೊರಬಲಿಗೆ ರಾಶಿ ದರ ಪಾವತಿಸಿದ್ದಾಗಿ ಬರೆದಿದ್ದೆವು. ಖರೀದಿ ರಿಜಿಸ್ಟರ್ ಪ್ರಕಾರ ಅದು ಸುಳ್ಳು. ವರದಿಯನ್ನು ಹಿಂತೆಗೆದುಕೊಂಡಿದ್ದೇವೆ.' ಮುಖಪುಟ, ಅದೇ ಅಳತೆಯ ಅಕ್ಷರ, ಮುಂದಿನ ಎರಡು ಸಂಚಿಕೆಯೊಳಗೆ. ಇಷ್ಟನ್ನೂ ನೋಟಿಸ್‌ನಲ್ಲೇ ಬರೆದು, ಹದಿನೈದು ದಿನ ಗಡುವು ಕೊಡಿ.